ತೆರಿಗೆಗೆ ಮೊದಲ ತಿಂಗಳು, ಪಿಂಚಣಿಗೆ ಹದಿನೈದು ವರ್ಷ

ಜೂನ್ ತಿಂಗಳ ನಾಗಪುರ. ಮಳೆ ಇನ್ನೂ ಹಿಡಿದಿಲ್ಲ, ವಿದರ್ಭದ ಬಿಸಿಲು ಇಳಿದಿಲ್ಲ. ಸಿವಿಲ್ ಲೈನ್ಸ್‌ನ ಜಿಲ್ಲಾಧಿಕಾರಿ ಕಚೇರಿಯ ಸೇತು ಕೇಂದ್ರದ ಮುಂದೆ ಬೆಳಗ್ಗೆಯೇ ಸಾಲು ಬೆಳೆಯುತ್ತದೆ. ಶಾಲೆ ಕಾಲೇಜು ಶುರುವಾಗುವ ಹೊತ್ತು. ಮಗಳ ಜಾತಿ ಪ್ರಮಾಣಪತ್ರಕ್ಕೆ ಬಂದ ಅಪ್ಪ, ಆದಾಯ ಪ್ರಮಾಣಪತ್ರಕ್ಕೆ ಬಂದ ವಿಧವೆ, ಸೊಸೆಯ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ಎಲ್ಲಿ ಹೋಗಬೇಕೆಂದು ವಿಚಾರಿಸುತ್ತಿರುವ ಅತ್ತೆ. ಹೊರಗೆ ಅರ್ಜಿ ಬರೆದುಕೊಡುವವರು, ಜೆರಾಕ್ಸ್ ಅಂಗಡಿಯವರು, ‘ನಾಳೆಯೇ ಮಾಡಿಸಿಕೊಡ್ತೀನಿ’ ಎನ್ನುವ ದಲ್ಲಾಳಿಗಳು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮನೆಯವರ ಪೂರ್ತಿ ಜಾತಕ.

ಈ ಸಾಲಿನಲ್ಲಿ ಹೊರರಾಜ್ಯದವರೂ ಇರುತ್ತಾರೆ. ನಾಗಪುರ ಬಂದವರನ್ನು ಉಳಿಸಿಕೊಳ್ಳುವ ಊರು. ರೈಲ್ವೆ, ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಅಂಬಾಝರಿಯ ಆಯುಧ ಕಾರ್ಖಾನೆ, ವಾಯುಪಡೆಯ ನಿರ್ವಹಣಾ ಕಮಾಂಡ್, ನೀರಿ ಸಂಶೋಧನಾ ಸಂಸ್ಥೆ, ರಿಸರ್ವ್ ಬ್ಯಾಂಕು ಇವೆಲ್ಲ ದೇಶದ ಮೂಲೆಮೂಲೆಯಿಂದ ನೌಕರರನ್ನು ಕರೆತಂದಿವೆ, ಕನ್ನಡಿಗರನ್ನೂ. ಕೇಂದ್ರ ಸರಕಾರದ ಕಾಯಂ ನೌಕರರಿಗೆ ಚಿಂತೆ ಕಡಿಮೆ. ಅವರ ಆಸ್ಪತ್ರೆ, ಪಿಂಚಣಿ ಎಲ್ಲ ಕೆಲಸದ ಜೊತೆಗೇ ಬಂದಿರುತ್ತದೆ. ಕಷ್ಟವಿರುವುದು ಖಾಸಗಿ ಕೆಲಸದವರಿಗೆ, ಗಾರೆ ಕೆಲಸದವರಿಗೆ, ಮಗನ ಮನೆಗೆ ಬಂದು ಉಳಿದ ಮುದುಕಮ್ಮನಿಗೆ, ಇಲ್ಲಿಗೆ ಮದುವೆಯಾಗಿ ಬಂದ ಹೆಣ್ಣುಮಗಳಿಗೆ. ಇವರಿಗೆ ಸರಕಾರದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಹಣ ಯಾರ ಜೇಬಿನದು?

ಯೋಜನೆಗಳ ಹೆಸರು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಸರಕಾರ ಬದಲಾದಾಗ ಹೆಸರೂ ಬದಲಾಗುತ್ತದೆ. ಯಾವುದೇ ಸವಲತ್ತಿನ ಬಗ್ಗೆ ಮೊದಲು ಕೇಳಬೇಕಾದ್ದು ಒಂದೇ: ಇದರ ಹಣ ಯಾರ ಜೇಬಿನದು? ದಿಲ್ಲಿಯ ಜೇಬಿನದಾದರೆ ಅದು ಸಾಮಾನ್ಯವಾಗಿ ನಿಮ್ಮ ಜೊತೆ ಊರೂರಿಗೆ ಬರುತ್ತದೆ. ಕೆಲಸ ಕೊಟ್ಟವರ ಜೇಬಿನದಾದರೆ ಕೆಲಸ ಇರುವಲ್ಲೆಲ್ಲ ಇರುತ್ತದೆ. ಮುಂಬೈಯ ಮಂತ್ರಾಲಯದ ಜೇಬಿನದಾದರೆ ‘ನೀವು ಮಹಾರಾಷ್ಟ್ರದವರೇ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಇದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ನೆರವು ಕೊಡಬೇಕು ಎಂದು 41ನೇ ವಿಧಿ ಹೇಳುತ್ತದೆ, ಆದರೆ ಪ್ರಭುತ್ವದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಅದು ಮಾರ್ಗದರ್ಶಿ ತತ್ವವೇ ಹೊರತು ಕೋರ್ಟಿನಲ್ಲಿ ಕೇಳಿ ಪಡೆಯುವ ಹಕ್ಕಲ್ಲ. ಅಂಗವಿಕಲರ ಮತ್ತು ದುಡಿಯಲಾರದವರ ನೆರವು ರಾಜ್ಯಪಟ್ಟಿಯಲ್ಲಿದೆ, ಸಾಮಾಜಿಕ ಭದ್ರತೆ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಭಾರತಕ್ಕೆ ಒಂದು ಕಲ್ಯಾಣ ವ್ಯವಸ್ಥೆ ಇಲ್ಲ. ರಾಜ್ಯಕ್ಕೊಂದು ಇದೆ, ಅದರ ಮೇಲೆ ದಿಲ್ಲಿಯದೊಂದು ಪದರ.

ಅಕ್ಕಿ ರೈಲು ಹತ್ತಿದ್ದು ಹೇಗೆ?

ಹಿಂದೆ ರೇಷನ್ ಕಾರ್ಡು ಒಂದು ಅಂಗಡಿಗೆ ಕಟ್ಟಿಹಾಕಿದ್ದ ಹಾಗಿತ್ತು. ರಾಯಚೂರಿನ ಕಾರ್ಡಿಗೆ ರಾಯಚೂರಿನ ಅದೇ ನ್ಯಾಯಬೆಲೆ ಅಂಗಡಿ. ಅದು ಎಷ್ಟು ಕ್ರೂರ ಎಂಬುದು 2020ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಕಂಡಿತು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ಹೆದ್ದಾರಿ ಹಾಯುವುದು ನಾಗಪುರದ ಮೇಲೆಯೇ. ಲಾಕ್‌ಡೌನಿನಲ್ಲಿ ಹೈದರಾಬಾದಿನಿಂದ, ಬೆಂಗಳೂರಿನಿಂದ ಉತ್ತರಕ್ಕೆ ನಡೆದವರು, ಲಾರಿ ಹತ್ತಿದವರು ಈ ಊರನ್ನು ದಾಟಿಯೇ ಹೋದರು. ಅವರಲ್ಲಿ ಬಹಳ ಮಂದಿಯ ಹೆಸರಿನಲ್ಲಿ ಊರಿನಲ್ಲಿ ಅಕ್ಕಿ ಇತ್ತು. ದುಡಿಯುವ ಊರಿನಲ್ಲಿ ಒಂದು ಕಾಳೂ ಇರಲಿಲ್ಲ.

‘ಒಂದು ದೇಶ, ಒಂದು ರೇಷನ್ ಕಾರ್ಡ್’ ಅದಕ್ಕೂ ಮುಂಚೆ, 2019ರ ಆಗಸ್ಟ್‌ನಲ್ಲಿ, ಮಹಾರಾಷ್ಟ್ರ–ಗುಜರಾತ್ ಮತ್ತು ಆಂಧ್ರ–ತೆಲಂಗಾಣ ಜೋಡಿಗಳ ನಡುವೆ ಆರಂಭವಾಗಿತ್ತು. ಎಲ್ಲ ರಾಜ್ಯಗಳೂ ಇದನ್ನು ಜಾರಿ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು ಆದೇಶಿಸಿತು. ಕೊನೆಯದಾಗಿ ಅಸ್ಸಾಂ ಸೇರಿದ್ದು 2022ರ ಜೂನ್‌ನಲ್ಲಿ.

ಈಗ ಆಧಾರ್ ಜೋಡಿಸಿದ ಕರ್ನಾಟಕದ ಕಾರ್ಡಿದ್ದವರು ನಾಗಪುರದ ಯಾವುದೇ ರೇಷನ್ ಅಂಗಡಿಗೆ ಹೋಗಿ ಬೆರಳಚ್ಚು ಕೊಟ್ಟರೆ ಧಾನ್ಯ ಸಿಗಬೇಕು. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ.; 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಕಾರ್ಡು ಇಡಿಯಾಗಿ ಇಲ್ಲಿಗೆ ಬರಬೇಕೆಂದೂ ಇಲ್ಲ. ಗಂಡ ನಾಗಪುರದಲ್ಲಿ ತನ್ನ ಪಾಲು ತೆಗೆದುಕೊಂಡರೆ, ಹೆಂಡತಿ ಮಕ್ಕಳು ಉಳಿದ ಪಾಲನ್ನು ಊರಿನಲ್ಲೇ ಪಡೆಯಬಹುದು. ಆದರೆ ಅನ್ನಭಾಗ್ಯದಲ್ಲಿ ಕರ್ನಾಟಕ ತನ್ನ ಕೈಯಿಂದ ಸೇರಿಸುವ ಭಾಗ ಇಲ್ಲಿ ಸಿಗದು. ಅದು ಬೇರೆ ಜೇಬು.

ಅಂಗಡಿಯವನು ‘ಬೇರೆ ರಾಜ್ಯದ ಕಾರ್ಡು ನಡೆಯಲ್ಲ’ ಎಂದರೆ ನಂಬಬೇಡಿ. ಇದಕ್ಕೆಂದೇ 14445 ಎಂಬ ಸಹಾಯವಾಣಿ ಇದೆ.

ಕೇಸರಿ ಕಾರ್ಡಿನ ಗೊಂದಲ

ಮಹಾರಾಷ್ಟ್ರದಲ್ಲಿ ರೇಷನ್ ಕಾರ್ಡು 1999ರಿಂದ ಮೂರು ಬಣ್ಣದ್ದು. ತೀರಾ ಬಡವರಿಗೆ ಹಳದಿ. ವರ್ಷಕ್ಕೆ 15,000ಕ್ಕಿಂತ ಹೆಚ್ಚು, 1 ಲಕ್ಷದೊಳಗೆ ಆದಾಯವಿದ್ದರೆ ಕೇಸರಿ. ಅದರ ಮೇಲೆ ಬಿಳಿ. ಕಿತ್ತಳೆಯ ಊರಿನಲ್ಲಿ ಹೆಚ್ಚು ತಲೆನೋವು ಕೊಡುವುದೂ ಅದೇ ಬಣ್ಣದ ಕಾರ್ಡೇ. ಯಾಕೆಂದರೆ ಕೇಸರಿ ಕಾರ್ಡಿದ್ದ ಮಾತ್ರಕ್ಕೆ ಧಾನ್ಯ ಸಿಗುವುದಿಲ್ಲ; ಅದರೊಳಗೆ ‘ಪ್ರಾಧಾನ್ಯ ಕುಟುಂಬ’ ಎಂದು ಗುರುತಾಗಿರಬೇಕು. ನಗರದಲ್ಲಿ ಅದಕ್ಕೆ ಆದಾಯದ ಮಿತಿ ವರ್ಷಕ್ಕೆ 59,000 ರೂಪಾಯಿ, ಹಳ್ಳಿಯಲ್ಲಿ 44,000. ದಿನಕ್ಕೆ ಇನ್ನೂರು ರೂಪಾಯಿ ದುಡಿಯುವ ಒಬ್ಬನೇ ಒಬ್ಬ ಕೂಲಿಯವನಿದ್ದರೂ ಕುಟುಂಬ ಈ ಗೆರೆ ದಾಟಿಬಿಡಬಹುದು. ಇದನ್ನು ಮಿತಿ ಎನ್ನುವುದಕ್ಕಿಂತ ತಮಾಷೆ ಎನ್ನಬೇಕು.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ 1.20 ಲಕ್ಷ. ಅಂದರೆ ಕಲಬುರಗಿಯಲ್ಲಿ ಬಿಪಿಎಲ್ ಆಗಿರುವ ಕುಟುಂಬ ನಾಗಪುರಕ್ಕೆ ಕಾರ್ಡು ವರ್ಗಾಯಿಸಿಕೊಂಡರೆ ಕಾಗದದ ಮೇಲೆ ಒಮ್ಮೆಲೇ ‘ಅನುಕೂಲಸ್ಥ’ ಆಗಿಬಿಡಬಹುದು. ಎರಡು ಕಡೆ ಕಾರ್ಡು ಇಟ್ಟುಕೊಳ್ಳುವುದು ಅಪರಾಧ, ಅದನ್ನು ಮಾಡಬೇಡಿ. ಆದರೆ ಬಂದ ವರ್ಷವೇ ಊರಿನ ಕಾರ್ಡು ರದ್ದು ಮಾಡಿಸುವ ಅವಸರವೂ ಬೇಡ. ಇಲ್ಲಿ ನೆಲೆ ನಿಲ್ಲುವುದು ಖಚಿತವಾದ ಮೇಲೆ ಲೆಕ್ಕ ಹಾಕಿ ನಿರ್ಧರಿಸಿ.

ಮೆಡಿಕಲ್, ಮೇಯೊ, ಡಾಗಾ

ಕಾಯಿಲೆ ಬಂದಾಗ ನಾಗಪುರದವರ ಬಾಯಲ್ಲಿ ಬರುವ ಹೆಸರುಗಳು ಇವು. 1947ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೀ ‘ಮೆಡಿಕಲ್’. ಇಂದಿರಾ ಗಾಂಧಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಇನ್ನೂ ಹಳೆಯ ‘ಮೇಯೊ’. ಹೆರಿಗೆಗೆ ಡಾಗಾ ಆಸ್ಪತ್ರೆ. ಇವುಗಳ ಜೊತೆಗೆ ಈಗ ಮಿಹಾನ್‌ನ ಏಮ್ಸ್. ವಿದರ್ಭದವರಷ್ಟೇ ಅಲ್ಲ, ಮಧ್ಯಪ್ರದೇಶ, ಛತ್ತೀಸಗಢದ ರೋಗಿಗಳೂ ಇಲ್ಲಿಗೆ ಬರುತ್ತಾರೆ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ನಿಮ್ಮ ರಾಜ್ಯ ಕೇಳುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮಹಾರಾಷ್ಟ್ರ 2023ರ ಆಗಸ್ಟ್ 15ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಚೀಟಿಯಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲವನ್ನೂ ಉಚಿತ ಮಾಡಿತು. ಆದರೆ ಅದು ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಿಗೆ ಮಾತ್ರ. ಡಾಗಾ ಆ ಇಲಾಖೆಯದು. ಮೆಡಿಕಲ್ ಮತ್ತು ಮೇಯೊ ವೈದ್ಯಕೀಯ ಶಿಕ್ಷಣ ಇಲಾಖೆಯವು. ಅಲ್ಲಿ ಸಣ್ಣಪುಟ್ಟ ಶುಲ್ಕ ಮುಂದುವರಿದಿದೆ. ಜನರಿಗೆ ಎರಡೂ ‘ಸರಕಾರಿ ದವಾಖಾನೆ’. ಜಗಳ ಶುರುವಾಗುವುದು ಅಲ್ಲಿಯೇ.

ದೊಡ್ಡ ಶಸ್ತ್ರಚಿಕಿತ್ಸೆಗೆ ರಾಜ್ಯದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2012ರಲ್ಲಿ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾಗಿ, 2017ರಲ್ಲಿ ಹೆಸರು ಬದಲಿಸಿಕೊಂಡಿತು. 2023ರ ನಿರ್ಧಾರದಂತೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಬಿಳಿ ಕಾರ್ಡಿನವರಿಗೂ ಅನ್ವಯ. ಆದರೆ ಕೇಳುವುದು ಮಹಾರಾಷ್ಟ್ರದ ರೇಷನ್ ಕಾರ್ಡು ಇಲ್ಲವೇ ಅಧಿವಾಸ (ಡೊಮಿಸೈಲ್) ಪ್ರಮಾಣಪತ್ರ. ಅದಿಲ್ಲದ ಕನ್ನಡಿಗರು ನೋಡಬೇಕಾದ್ದು ಆಯುಷ್ಮಾನ್ ಭಾರತದ ಕಡೆಗೆ. ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದವರ ಕಾರ್ಡು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುತ್ತದೆ. 70 ದಾಟಿದವರಿಗಂತೂ 2024ರ ಅಕ್ಟೋಬರ್‌ನಿಂದ ಆದಾಯದ ಪ್ರಶ್ನೆಯೇ ಇಲ್ಲ, ಆಧಾರ್ ಇದ್ದರೆ ಸಾಕು. ಮಗನ ಮನೆಗೆ ಬಂದ ತಾಯಿಗೆ ಮೊದಲು ಮಾಡಿಸಬೇಕಾದ ಕಾರ್ಡು ಇದೇ. ವಿಚಾರಿಸಲು 14555.

ಮಕ್ಕಳ ವಿಷಯದಲ್ಲಿ ಕಾಗದದ ಕಾಟ ಕಡಿಮೆ. ಅಂಗನವಾಡಿ ರೇಷನ್ ಕಾರ್ಡು ಕೇಳುವುದಿಲ್ಲ, ಮಹಾನಗರ ಪಾಲಿಕೆಯ ಶಾಲೆ ಅಧಿವಾಸ ಕೇಳುವುದಿಲ್ಲ, ಲಸಿಕೆಗೆ ಊರು ಯಾವುದಾದರೇನು.

ಎಂಪ್ರೆಸ್ ಮಿಲ್ಲಿನ ಬಳುವಳಿ

ಕೆಲಸ ಕೊಟ್ಟವರ ಜೇಬಿನ ವಿಷಯಕ್ಕೆ ಬಂದರೆ ನಾಗಪುರಕ್ಕೆ ಹೇಳಿಕೊಳ್ಳುವಂಥ ಇತಿಹಾಸವಿದೆ. ಜಮ್ಶೆಟ್‌ಜಿ ಟಾಟಾ 1877ರ ಜನವರಿ 1ರಂದು ಇಲ್ಲಿ ಎಂಪ್ರೆಸ್ ಮಿಲ್ ತೆರೆದರು. ಆ ಶತಮಾನ ಮುಗಿಯುವುದರೊಳಗೇ ಆ ಗಿರಣಿಯಲ್ಲಿ ಕಾರ್ಮಿಕರ ಪಿಂಚಣಿ ನಿಧಿ ಇತ್ತು. 1895ರಲ್ಲಿ ಅಪಘಾತ ಪರಿಹಾರವೂ ಬಂತು. ಕಾರ್ಮಿಕರ ಪರಿಹಾರದ ಕಾನೂನನ್ನು ಸರಕಾರ ತಂದದ್ದು 1923ರಲ್ಲಿ, ಭವಿಷ್ಯನಿಧಿಯ ಕಾನೂನು 1952ರಲ್ಲಿ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ಜಾಗದಲ್ಲಿ ಈಗ ಎಂಪ್ರೆಸ್ ಸಿಟಿ ಮಾಲ್. ಅಲ್ಲಿನ ಅಂಗಡಿಗಳಲ್ಲಿ ನಿಂತು ದುಡಿಯುವ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿಗೆ ಭವಿಷ್ಯನಿಧಿ ಕಟ್ಟುತ್ತಿದ್ದಾರೆ ಎಂದು ಕೇಳುವುದು ಒಳ್ಳೆಯದು.

ನಾಗಪುರಕ್ಕೆ ಇಎಸ್‌ಐ ಬಂದದ್ದು 1954ರಲ್ಲೇ, ಯೋಜನೆ ದೇಶದಲ್ಲಿ ಶುರುವಾದ ಎರಡು ವರ್ಷಕ್ಕೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ನೌಕರನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25. ಸೋಮವಾರಿಪೇಠದ ಇಎಸ್‌ಐ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ವಿಮಾ ಸಂಖ್ಯೆ ಬೇಕು, ಅಧಿವಾಸ ಬೇಡ. ಭವಿಷ್ಯನಿಧಿಯೂ ಹಾಗೆಯೇ, ಬೆಂಗಳೂರಿನ ಖಾತೆ ಯುಎಎನ್ ಸಂಖ್ಯೆಯ ಜೊತೆ ಇಲ್ಲಿಗೆ ಬರುತ್ತದೆ.

ಕೂಲಿಯವರಿಗೂ ಈ ಜೇಬಿನಲ್ಲಿ ಪಾಲಿದೆ. 1969ರ ಮಾಥಾಡಿ ಕಾಯ್ದೆ ಮಹಾರಾಷ್ಟ್ರದ ವಿಶೇಷ: ಹಮಾಲರ ಕೂಲಿಯ ಮೇಲೆ ವರ್ತಕರಿಂದ ಹೆಚ್ಚುವರಿ ಹಣ ವಸೂಲಿ ಮಾಡಿ, ಮಂಡಳಿಯೊಂದು ಅದರಿಂದ ಭವಿಷ್ಯನಿಧಿ, ಗ್ರಾಚ್ಯುಟಿ ನೋಡಿಕೊಳ್ಳುತ್ತದೆ. ಕಳಮನಾ ಮಾರುಕಟ್ಟೆಯ ಮೂಟೆ ಹೊರುವವನಿಗೆ, ಹೆಸರು ದಾಖಲಾಗಿದ್ದರೆ, ಗುಮಾಸ್ತನಿಗಿಲ್ಲದ ಭದ್ರತೆ ಇರಬಹುದು. ಕಟ್ಟಡ ಕಾರ್ಮಿಕರಿಗೂ ಒಂದು ಮಂಡಳಿ ಇದೆ. ಕಟ್ಟಡದ ವೆಚ್ಚದ ಮೇಲಿನ ಶೇ 1ರ ಸೆಸ್ ಅದರ ಹಣ. 18ರಿಂದ 60 ವಯಸ್ಸು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಇದ್ದರೆ ನೋಂದಣಿ. ಮಕ್ಕಳ ವಿದ್ಯಾರ್ಥಿವೇತನ, ಅಪಘಾತದ ನೆರವು ಇಲ್ಲಿಂದ ಬರುತ್ತದೆ. ಆ 90 ದಿನದ ಪತ್ರಕ್ಕೆ ಗುತ್ತಿಗೆದಾರ ಸಹಿ ಹಾಕುವುದಿಲ್ಲ, ಅದೇ ರಗಳೆ.

ಹದಿನೈದು ವರ್ಷದ ಷರತ್ತು

ಈಗ ಮೂರನೆಯ ಜೇಬು. ನಿರ್ಗತಿಕರಿಗೆ, ವಿಧವೆಯರಿಗೆ, ಅಂಗವಿಕಲರಿಗೆ 1980ರಿಂದ ಸಂಜಯ್ ಗಾಂಧಿ ನಿರಾಧಾರ ಯೋಜನೆ ಇದೆ. 65 ದಾಟಿದ ಬಡವರಿಗೆ ಶ್ರಾವಣಬಾಳ ಯೋಜನೆ. 2023ರಲ್ಲಿ ತಿಂಗಳ ನೆರವು 1,000ದಿಂದ 1,500 ರೂಪಾಯಿಗೆ ಏರಿತು. ಅರ್ಜಿ ಹೋಗುವುದು ತಹಶೀಲ್ ಕಚೇರಿಗೆ. ಅಂಗವಿಕಲರಲ್ಲದವರ ಕುಟುಂಬದ ಆದಾಯ ವರ್ಷಕ್ಕೆ 21,000 ಮೀರಬಾರದು. ಜೊತೆಗೆ, ಅರ್ಜಿದಾರರು ಕನಿಷ್ಠ 15 ವರ್ಷದಿಂದ ಮಹಾರಾಷ್ಟ್ರದಲ್ಲಿ ವಾಸವಾಗಿರಬೇಕು.

ಗಂಡನ ಜೊತೆ ಬಂದು, ಹತ್ತು ವರ್ಷ ಇಲ್ಲಿ ದುಡಿದು, ಗಂಡ ಸತ್ತ ಮೇಲೆ ಕೈ ಬರಿದಾದ ಹೆಂಗಸಿಗೆ ಈ ಷರತ್ತು ಏನು ಹೇಳುತ್ತದೆ? ಇನ್ನೂ ಐದು ವರ್ಷ ಕಾಯಿ ಎಂದು. ಊರಿಗೆ ಹೋಗಿ ಕರ್ನಾಟಕದಲ್ಲಿ ಅರ್ಜಿ ಹಾಕೋಣ ಎಂದರೆ ಅಲ್ಲಿ ‘ನೀವು ಇಲ್ಲಿ ವಾಸವಿಲ್ಲವಲ್ಲಮ್ಮಾ’ ಎನ್ನುತ್ತಾರೆ. ಕೇಂದ್ರದ ವೃದ್ಧಾಪ್ಯ ವೇತನವಾದರೂ ಇದೆಯಲ್ಲ ಎನ್ನಬಹುದು. 60ರಿಂದ 79 ವಯಸ್ಸಿನವರಿಗೆ ದಿಲ್ಲಿಯ ಪಾಲು ತಿಂಗಳಿಗೆ 200 ರೂಪಾಯಿ, ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಅಷ್ಟೇ. ಅದನ್ನು ಪಿಂಚಣಿಯನ್ನಾಗಿ ಮಾಡುವುದು ರಾಜ್ಯ ಸೇರಿಸುವ ಹಣ.

2024ರ ಜೂನ್ 28ರಂದು ಬಂದ ‘ಮಾಝೀ ಲಾಡ್ಕಿ ಬಹಿಣ್’ ಯೋಜನೆ ಹದಿನೈದು ವರ್ಷದ ಷರತ್ತಿನ ತೊಡಕನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ವರ್ಷಕ್ಕೆ ಎರಡೂವರೆ ಲಕ್ಷದೊಳಗಿನ ಆದಾಯದ ಕುಟುಂಬದ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ. ಮೊದಲ ಆದೇಶದಲ್ಲಿ ಅಧಿವಾಸ ಪ್ರಮಾಣಪತ್ರ ಬೇಕೆಂದಿತ್ತು. ಕಚೇರಿಗಳ ಮುಂದೆ ನೂಕುನುಗ್ಗಲು ಶುರುವಾಯಿತು. ವಾರದೊಳಗೆ, ಜುಲೈ 3ರಂದು, ನಿಯಮ ಸಡಿಲವಾಯಿತು: 15 ವರ್ಷ ಹಳೆಯ ರೇಷನ್ ಕಾರ್ಡು ಅಥವಾ ಮತದಾರರ ಚೀಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಜನನ ಪ್ರಮಾಣಪತ್ರ ಇವುಗಳಲ್ಲಿ ಯಾವುದಾದರೂ ಸಾಕು. ಹೊರರಾಜ್ಯದಲ್ಲಿ ಹುಟ್ಟಿ ಮಹಾರಾಷ್ಟ್ರದವನನ್ನು ಮದುವೆಯಾದವಳು ಗಂಡನ ದಾಖಲೆ ಕೊಡಬಹುದು. ವಿಜಯಪುರದಿಂದ ಜತ್ತಿಗೆ, ಅಫಜಲಪುರದಿಂದ ಅಕ್ಕಲಕೋಟೆಗೆ ಹೆಣ್ಣು ಕೊಟ್ಟು ತರುವ ಗಡಿಯ ಮನೆಗಳಿಗೆ ಈ ಒಂದು ಸಾಲು ದೊಡ್ಡ ಉಪಕಾರ ಮಾಡಿತು. ಆದರೆ ಗಂಡ ಹೆಂಡತಿ ಇಬ್ಬರೂ ಧಾರವಾಡದವರಾಗಿ ಎಂಟು ವರ್ಷದಿಂದ ನಾಗಪುರದಲ್ಲಿದ್ದರೆ? ಇಲ್ಲಿ ಲಾಡ್ಕಿ ಬಹಿಣ್ ಇಲ್ಲ, ಅಲ್ಲಿ ಗೃಹಲಕ್ಷ್ಮಿಯೂ ಇಲ್ಲ.

ನಮ್ಮ ರಾಜ್ಯವೇನೂ ಹೊರಗಿನವರಿಗೆ ಬಾಗಿಲು ತೆರೆದಿಟ್ಟಿಲ್ಲ. ಬೆಂಗಳೂರಿನಲ್ಲಿ ಮನೆಗೆಲಸ ಮಾಡುವ ಬಿಹಾರದ ಹೆಂಗಸು, ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇಲ್ಲದಿದ್ದರೆ, ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟ್ ಕೊಳ್ಳಬೇಕು.

ತೆರಿಗೆಯ ಲೆಕ್ಕ ಬೇರೆ. 1972ರ ಬರದಲ್ಲಿ ಮಹಾರಾಷ್ಟ್ರ ಲಕ್ಷಾಂತರ ಜನರಿಗೆ ಕೆಲಸ ಕೊಟ್ಟು ಬದುಕಿಸಿತು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಸ. ಪಾಗೆ ಅವರ ಯೋಚನೆಯಂತೆ ಅದು ಉದ್ಯೋಗ ಖಾತರಿ ಯೋಜನೆಯಾಯಿತು; 1977ರಲ್ಲಿ ಕಾಯ್ದೆ, 1979ರ ಜನವರಿ 26ರಿಂದ ಜಾರಿ. 2005ರ ರಾಷ್ಟ್ರೀಯ ಕಾಯ್ದೆಗೆ ದಾರಿ ತೋರಿದ್ದು ಅದೇ. ಅದರ ಖರ್ಚಿಗೆಂದು 1975ರಲ್ಲಿ ವೃತ್ತಿ ತೆರಿಗೆ ಹಾಕಿದರು, ಪಟ್ಟಣದ ಸಂಬಳದಾರರು ಹಳ್ಳಿಯ ಕೂಲಿಗೆ ಕೊಡಲಿ ಎಂದು. ಇಂದಿಗೂ ನಾಗಪುರದ ಸಂಬಳದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500 ರೂಪಾಯಿ ಹೋಗುತ್ತದೆ. ಇದನ್ನು ಮುರಿದುಕೊಳ್ಳುವಾಗ ಹದಿನೈದು ವರ್ಷದ ದಾಖಲೆ ಯಾರೂ ಕೇಳುವುದಿಲ್ಲ. ಮೊದಲ ತಿಂಗಳಿಂದಲೇ ನೀವು ಮಹಾರಾಷ್ಟ್ರದವರು.

ಜಾತಿ ಪ್ರಮಾಣಪತ್ರ ಗಡಿ ದಾಟದು

ಹೊಸದಾಗಿ ಬಂದವರು ಹೆಚ್ಚು ಎಡವುವುದು ಇಲ್ಲಿ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ವಲಸೆ ಹೋದ ರಾಜ್ಯದಲ್ಲಿ ಆ ರಾಜ್ಯದ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿ, 2018ರಲ್ಲಿ ಮತ್ತೆ ಎತ್ತಿಹಿಡಿಯಿತು. ಎರಡೂ ಕಡೆ ಜಾತಿಯ ಹೆಸರು ಒಂದೇ ಇದ್ದರೂ ಅಷ್ಟೇ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಬೇಕಾದರೆ ಕುಟುಂಬ 1950ರ ಆಗಸ್ಟ್ 10ಕ್ಕೂ ಮುಂಚೆ ಇಲ್ಲಿ ಇದ್ದುದಕ್ಕೆ ದಾಖಲೆ ಬೇಕು. ಹಿಂದುಳಿದ ವರ್ಗದವರಿಗೆ 1967ರ ಅಕ್ಟೋಬರ್ 13. ಹತ್ತೂರು ಸುತ್ತಿದರೂ ಅಜ್ಜನ ಶಾಲೆಯ ದಾಖಲೆ ಸಿಗದೆ ಕೈಚೆಲ್ಲಿದ ಮನೆಗಳು ಬೇಕಾದಷ್ಟಿವೆ.

ಕೇಂದ್ರ ಸರಕಾರದ ಉದ್ಯೋಗ, ಕೇಂದ್ರದ ಕಾಲೇಜುಗಳಿಗೆ ಮಾತ್ರ ಕರ್ನಾಟಕದ ಪ್ರಮಾಣಪತ್ರ ನಡೆಯುತ್ತದೆ. ಆದ್ದರಿಂದ ಊರಿನ ನಾಡಕಚೇರಿಯ ನಂಟು ಕಡಿದುಕೊಳ್ಳಬೇಡಿ.

ಕಿಟಕಿಯಲ್ಲಿ ‘ಇಲ್ಲ’ ಎಂದರೆ

ಕರ್ನಾಟಕದ ಸಕಾಲದಂತೆ ಮಹಾರಾಷ್ಟ್ರಕ್ಕೆ 2015ರ ಸೇವಾ ಹಕ್ಕು ಕಾಯ್ದೆ ಇದೆ. ಪ್ರತಿ ಸೇವೆಗೂ ದಿನದ ಗಡುವು, ‘ಆಪ್ಲೆ ಸರ್ಕಾರ್’ ಜಾಲತಾಣದಲ್ಲಿ ಅರ್ಜಿ, ತಡವಾದರೆ ಎರಡು ಮೇಲ್ಮನವಿ, ಆಮೇಲೆ ಆಯೋಗ. ತಪ್ಪಿತಸ್ಥ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡ. ಕಾಯ್ದೆಗೆ ಹಲ್ಲಿದೆ, ಆದರೆ ಬಾಯಿಮಾತಿನ ಅರ್ಜಿಗೆ ಕಚ್ಚುವುದಿಲ್ಲ. ರಸೀದಿ ಸಂಖ್ಯೆ ಇಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ. ಕಾನೂನಿನ ನೆರವಿಗೆ 15100. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಅದು ಆದಾಯ ನೋಡದೆ ಉಚಿತ.

ಪ್ರತಿ ಡಿಸೆಂಬರ್‌ನಲ್ಲಿ ಚಳಿಗಾಲದ ಅಧಿವೇಶನಕ್ಕೆ ಸರಕಾರವೇ ನಾಗಪುರಕ್ಕೆ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆಯರು, ಅಂಗವಿಕಲರು, ಪಿಂಚಣಿದಾರರು ಮೋರ್ಚಾ ತರುತ್ತಾರೆ. ಪೊಲೀಸರು ವಿಧಾನ ಭವನಕ್ಕೆ ಸ್ವಲ್ಪ ದೂರದಲ್ಲೇ ತಡೆಯುತ್ತಾರೆ, ಮಂತ್ರಿಯೊಬ್ಬರು ಬಂದು ಮನವಿ ಪಡೆಯುತ್ತಾರೆ. ಹೊರರಾಜ್ಯದಿಂದ ಬಂದವರ ಮೋರ್ಚಾ ಅಲ್ಲಿ ಕಾಣುವುದಿಲ್ಲ. ಅವರು ಸಂಘ ಕಟ್ಟುವಷ್ಟು ಒಟ್ಟಿಗಿಲ್ಲ, ಎಷ್ಟೋ ಮಂದಿಯ ಮತ ಇನ್ನೂ ಊರಿನಲ್ಲೇ ಇದೆ.

ಹದಿನೈದು ವರ್ಷದ ಷರತ್ತು ಸಂವಿಧಾನದಲ್ಲಿಲ್ಲ, ಸರಕಾರಿ ಆದೇಶದಲ್ಲಿದೆ. ಚುನಾವಣೆಯ ವರ್ಷದಲ್ಲಿ ಒಂದು ವಾರದೊಳಗೆ ಇಂಥ ಆದೇಶ ಬದಲಾದದ್ದನ್ನು ಕಂಡಿದ್ದೇವೆ. ಧಾನ್ಯಕ್ಕೆ ಹುಡುಕಿದ ದಾರಿಯನ್ನು ವಿಧವೆಯ ಪಿಂಚಣಿಗೂ ಹುಡುಕಲಿ. ಎರಡು ರಾಜ್ಯಗಳ ಖಜಾನೆಗಳು ತಮ್ಮೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ. ಅಲ್ಲಿಯವರೆಗೆ ನಾಗಪುರಕ್ಕೆ ಬರುವವರಿಗೆ ಹೇಳುವುದಿಷ್ಟು: ಮೊದಲ ಬಾಡಿಗೆ ಕರಾರು, ಮೊದಲ ಕರೆಂಟ್ ಬಿಲ್ಲು, ಮಗುವಿನ ಮೊದಲ ಶಾಲಾ ದಾಖಲಾತಿ ಯಾವುದನ್ನೂ ಎಸೆಯಬೇಡಿ. ಹದಿನೈದು ವರ್ಷದ ಲೆಕ್ಕ ಶುರುವಾಗುವುದು ಅವುಗಳಿಂದಲೇ.